ಸೃಜನಶೀಲ ಬರವಣಿಗೆಯ ಮಹಾಪ್ರಬಂಧ

ಸೃಜನಶೀಲ ಬರವಣಿಗೆಯ ಮಹಾಪ್ರಬಂಧ ಎಂದರೆ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಪದವಿಗಾಗಿ ಅಭ್ಯರ್ಥಿಯು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸುವ ಕಾದಂಬರಿ, ಕಥಾಸಂಕಲನ, ಕವನಸಂಕಲನ ಅಥವಾ ನಾಟಕ. ಅನೇಕ ಕಡೆಗಳಲ್ಲಿ ಇದರೊಂದಿಗೆ ವಿಮರ್ಶಾತ್ಮಕ ಭಾಗವೊಂದನ್ನು ಲಗತ್ತಿಸಬೇಕಾಗುತ್ತದೆ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ರೂಢಿಯಲ್ಲಿರುವ ಈ ಪದ್ಧತಿ ಕರ್ನಾಟಕದ ಕನ್ನಡ ವಿಭಾಗಗಳಲ್ಲಿ ಬೇರೂರಿಲ್ಲ. ಮಂಗಳೂರು ಪರಿಸರದಲ್ಲಿಯೂ ಕಥೆ, ಕವಿತೆ ಬರೆಯುವವರು ಪಿಎಚ್.ಡಿ. ಪದವಿಗಾಗಿ ಸಾಮಾನ್ಯವಾಗಿ ಸಾಹಿತ್ಯ, ಜಾನಪದ, ಭಾಷೆ ಅಥವಾ ಸಂಸ್ಕೃತಿಯನ್ನು ಕುರಿತ ಸಂಶೋಧನಾ ಮಹಾಪ್ರಬಂಧವನ್ನೇ ರಚಿಸುತ್ತಾರೆ. ಅವರ ಕಾದಂಬರಿಯೋ ಕವನವೋ ಅದರ ಪಕ್ಕದಲ್ಲಿ, ಪದವಿಯ ಲೆಕ್ಕಕ್ಕೆ ಸೇರದೆ ಬೆಳೆಯುತ್ತದೆ. ಕನ್ನಡದ ಕೆಲವು ಪ್ರಮುಖ ಕೃತಿಗಳು ಹೀಗೆಯೇ ಹುಟ್ಟಿವೆ.

ಪದದ ಅರ್ಥ

ಕನ್ನಡದಲ್ಲಿ 'ಪ್ರಬಂಧ' ಎಂಬ ಪದಕ್ಕೆ ಹಲವು ಅರ್ಥಗಳಿವೆ. ಶಾಲೆಯಲ್ಲಿ ಬರೆಯುವುದು ಪ್ರಬಂಧ, ಹಾಸ್ಯ ಹಾಗೂ ಅನುಭವಗಳ ಲಘು ಬರಹ ಲಲಿತ ಪ್ರಬಂಧ, ಸ್ನಾತಕೋತ್ತರ ತರಗತಿಯ ಕೊನೆಯಲ್ಲಿ ಒಪ್ಪಿಸುವುದು ಕಿರುಪ್ರಬಂಧ, ಪಿಎಚ್.ಡಿ.ಗೆ ಒಪ್ಪಿಸುವುದು ಮಹಾಪ್ರಬಂಧ ಅಥವಾ ಸಂಪ್ರಬಂಧ. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಹಳೆಯ ಬಳಕೆಯೂ ಇದೆ. ಹಾಡಿ ಆಡುವ ಯಕ್ಷಗಾನ ಪ್ರಸಂಗದ ಪದ್ಯಪಠ್ಯವನ್ನು 'ಯಕ್ಷಗಾನ ಪ್ರಬಂಧ' ಎಂದು ಕರೆಯುವುದುಂಟು. ಹಾಗಾಗಿ ಈ ಪ್ರದೇಶದಲ್ಲಿ ಪ್ರಬಂಧವೆಂಬುದು ಮೊದಲು ಕವಿಯ ಕೃತಿಯಾಗಿತ್ತು, ವಿದ್ವಾಂಸನ ಕೃತಿಯಾದದ್ದು ಆಮೇಲೆ.

ಪದ್ಧತಿಯ ಹಿನ್ನೆಲೆ

ಉನ್ನತ ಪದವಿಗಾಗಿ ಸೃಜನಶೀಲ ಕೃತಿಯನ್ನು ಸ್ವೀಕರಿಸಬಹುದೆಂದು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯ 1922ರಲ್ಲಿ ಪ್ರಕಟಿಸಿತು. ಅಲ್ಲಿಯ ಬರಹಗಾರರ ಕಾರ್ಯಾಗಾರ 1936ರಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯವು 1970ರಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ತರಗತಿಯನ್ನು ತೆರೆಯಿತು. ಕಾದಂಬರಿಕಾರರಾದ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಅದರ ಸ್ಥಾಪಕರು. ಇಯಾನ್ ಮೆಕ್‌ಇವಾನ್ ಅದರ ಮೊದಲ ವಿದ್ಯಾರ್ಥಿ.

ಎರಡು ದೇಶಗಳ ಕ್ರಮದಲ್ಲಿ ಭೇದವಿದೆ. ಅಮೆರಿಕದ ಎಂ.ಎಫ್.ಎ. ಪದವಿಗೆ ಬಹುಮಟ್ಟಿಗೆ ಹಸ್ತಪ್ರತಿಯೊಂದೇ ಸಾಕು. ಬ್ರಿಟನ್ ಮತ್ತು ಆಸ್ಟ್ರೇಲಿಯದ ಡಾಕ್ಟರೇಟಿಗೆ ಕೃತಿಯ ಜೊತೆಗೆ ಅದು ಯಾವ ಪ್ರಶ್ನೆಯಿಂದ ಹೊರಟಿತು, ಯಾವ ಪರಂಪರೆಯೊಂದಿಗೆ ಸಂವಾದ ನಡೆಸುತ್ತದೆ ಎಂಬುದನ್ನು ವಿವರಿಸುವ ವಿಮರ್ಶಾ ಭಾಗವೂ ಬೇಕು. ಪರೀಕ್ಷಕರು ಎರಡನ್ನೂ ಒಟ್ಟಾಗಿ ಓದುತ್ತಾರೆ. ಕಾದಂಬರಿ ಚೆನ್ನಾಗಿದ್ದರೂ ವಿಮರ್ಶಾ ಭಾಗ ದುರ್ಬಲವಾಗಿದ್ದರೆ ತಿದ್ದುಪಡಿಗೆ ಹಿಂದಿರುಗುವ ಸಾಧ್ಯತೆ ಇರುತ್ತದೆ.

ಕನ್ನಡ ಲೇಖಕರು ಮತ್ತು ಮಹಾಪ್ರಬಂಧ

ಕನ್ನಡದಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪದ ನಿದರ್ಶನ ಯು.ಆರ್. ಅನಂತಮೂರ್ತಿಯವರದು. ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, 1930ರ ದಶಕದ ಇಂಗ್ಲಿಷ್ ಕಥನಸಾಹಿತ್ಯ ಮತ್ತು ರಾಜಕೀಯವನ್ನು ಕುರಿತ ಮಹಾಪ್ರಬಂಧಕ್ಕೆ 1966ರಲ್ಲಿ ಪಿಎಚ್.ಡಿ. ಪಡೆದರು. ಅದೇ ಅವಧಿಯಲ್ಲಿ, ಅದೇ ಊರಿನಲ್ಲಿ 'ಸಂಸ್ಕಾರ' ಕಾದಂಬರಿಯನ್ನೂ ಬರೆದರು. ಅವರೇ ಹೇಳಿಕೊಂಡಂತೆ, ಇಂಗ್ಮಾರ್ ಬರ್ಗ್‌ಮನ್ನರ 'ದಿ ಸೆವೆಂತ್ ಸೀಲ್' ಚಿತ್ರವನ್ನು ಉಪಶೀರ್ಷಿಕೆಗಳಿಲ್ಲದೆ ನೋಡಿದ ಅನುಭವ ಮತ್ತು ಆ ಬಳಿಕ ಮಾಲ್ಕಮ್ ಬ್ರಾಡ್‌ಬರಿಯವರೊಂದಿಗೆ ನಡೆದ ಮಾತುಕತೆ ಈ ಕಾದಂಬರಿಗೆ ಪ್ರೇರಣೆಯಾದವು. 'ಸಂಸ್ಕಾರ'ವನ್ನು ಧಾರವಾಡದ ಮನೋಹರ ಗ್ರಂಥಮಾಲೆ 1965ರಲ್ಲಿ ಪ್ರಕಟಿಸಿತು. ಪದವಿ ಬಂದದ್ದು ಮರುವರ್ಷ. ಈಸ್ಟ್ ಆಂಗ್ಲಿಯಾದ ತರಗತಿ ಆರಂಭವಾಗಲು ಇನ್ನೂ ಕೆಲವು ವರ್ಷಗಳಿದ್ದವು. ಕಾದಂಬರಿಯನ್ನೇ ಪದವಿಗೆ ಒಪ್ಪಿಸುವ ದಾರಿ ಅನಂತಮೂರ್ತಿಯವರಿಗೆ ಇರಲಿಲ್ಲ. ಇದ್ದಿದ್ದರೆ ಅದನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರೇ ಎಂಬುದು ಯೋಚಿಸಬೇಕಾದ ಮಾತು.

ಜಿ.ಎಸ್. ಶಿವರುದ್ರಪ್ಪನವರ 'ಸೌಂದರ್ಯ ಸಮೀಕ್ಷೆ' ಕುವೆಂಪು ಅವರ ಮಾರ್ಗದರ್ಶನದಲ್ಲಿ ಸಿದ್ಧವಾದ ಮಹಾಪ್ರಬಂಧ. ಮಾರ್ಗದರ್ಶಕರೂ ಕವಿ, ಸಂಶೋಧಕರೂ ಕವಿ. ಆದರೂ ಒಪ್ಪಿಸಿದ್ದು ಕವನಸಂಕಲನವನ್ನಲ್ಲ, ಕಾವ್ಯಸೌಂದರ್ಯದ ಮೀಮಾಂಸೆಯನ್ನು. ಎಸ್.ಎಲ್. ಭೈರಪ್ಪನವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯಕ್ಕೆ ಸತ್ಯ ಮತ್ತು ಸೌಂದರ್ಯಗಳ ಸಂಬಂಧವನ್ನು ಕುರಿತು ಮಹಾಪ್ರಬಂಧ ಸಲ್ಲಿಸಿದರು. ಎ.ಕೆ. ರಾಮಾನುಜನ್ ಅವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದ 1963ರಲ್ಲಿ ಪಡೆದ ಡಾಕ್ಟರೇಟ್ ಕನ್ನಡ ವ್ಯಾಕರಣವನ್ನು ಕುರಿತ ಭಾಷಾವಿಜ್ಞಾನದ ಅಧ್ಯಯನಕ್ಕೆ ಸಂದದ್ದು. ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತು ಕರ್ನಾಟಕ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. ಆ ಅಧ್ಯಯನದ ಬಯಲಾಟವೇ ಅವರ 'ಜೋಕುಮಾರಸ್ವಾಮಿ' ಮುಂತಾದ ನಾಟಕಗಳ ರೂಪವಾಗಿ ರಂಗಕ್ಕೆ ಬಂದಿತು. ಸಂಶೋಧನೆಗೂ ಸೃಷ್ಟಿಗೂ ನಡುವಣ ಗೋಡೆ ನಿಯಮಾವಳಿಯಲ್ಲಿ ಕಾಣುವಷ್ಟು ದಪ್ಪವಾಗಿ ಬರಹಗಾರನ ಮೇಜಿನ ಮೇಲೆ ಇರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಸೃಜನಶೀಲ ಕೃತಿಗಾಗಿ 'ಡಾಕ್ಟರ್' ಎನಿಸಿಕೊಳ್ಳುವುದು ಕನ್ನಡದಲ್ಲಿ ಬಹುತೇಕ ಗೌರವ ಡಾಕ್ಟರೇಟಿನ ಮೂಲಕವೇ ನಡೆದಿದೆ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳುವಳಿಯ ಕರೆಗೆ ಓಗೊಟ್ಟು ವಿದ್ಯಾಭ್ಯಾಸ ಬಿಟ್ಟ ಶಿವರಾಮ ಕಾರಂತರಿಗೆ ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. ಅದಕ್ಕೂ ಹಿಂದಿನ ಪ್ರಸಂಗವೊಂದಿದೆ: ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ ಅವರಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಆ ಗ್ರಂಥ ಯಾವ ಪದವಿಗಾಗಿಯೂ ಬರೆದದ್ದಾಗಿರಲಿಲ್ಲ.

ಮಂಗಳೂರಿನಲ್ಲಿ

ಮಂಗಳೂರು ನಗರದ ಹೊರವಲಯದ ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು 1968ರಲ್ಲಿ ಆರಂಭವಾಯಿತು. ಇದೇ ಕೇಂದ್ರ 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಆವರಣದ ಹೆಸರು ಮಂಗಳಗಂಗೋತ್ರಿ. ಇಲ್ಲಿಯ ಕನ್ನಡ ವಿಭಾಗವನ್ನು ಆರಂಭದಲ್ಲಿ ಮುನ್ನಡೆಸಿದ ಎಸ್.ವಿ. ಪರಮೇಶ್ವರ ಭಟ್ಟರು ಸ್ವತಃ ಕವಿ, ಕಾಳಿದಾಸನ ಕೃತಿಗಳನ್ನು ಕನ್ನಡಕ್ಕೆ ತಂದ ಅನುವಾದಕರು. ವಿಭಾಗವು ಈಗ ಅವರ ಹೆಸರಿನಲ್ಲಿ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆ ಎಂದು ಕರೆಯಲ್ಪಡುತ್ತದೆ.

ಕವಿಯೊಬ್ಬರು ಕಟ್ಟಿದ ವಿಭಾಗವಾದರೂ ಇಲ್ಲಿ ಬೆಳೆದ ಮುಖ್ಯ ಸಂಶೋಧನಾ ಧಾರೆ ತುಳುನಾಡಿನ ಜಾನಪದ. ಬಿ.ಎ. ವಿವೇಕ ರೈ ಅವರ 'ತುಳು ಜನಪದ ಸಾಹಿತ್ಯ' ಮತ್ತು ಕೆ. ಚಿನ್ನಪ್ಪ ಗೌಡರ 'ಭೂತಾರಾಧನೆ' ಮಹಾಪ್ರಬಂಧಗಳಾಗಿ ಸಿದ್ಧವಾಗಿ, ಪುಸ್ತಕಗಳಾಗಿ ಹೊರಬಂದು, ಈಗಲೂ ಓದಿಸಿಕೊಳ್ಳುವ ಕೃತಿಗಳು. ಕತೆಗಾರರೂ ನಾಟಕಕಾರರೂ ಈ ಗ್ರಂಥಗಳನ್ನು ಸಾಮಗ್ರಿಗಾಗಿ ಹುಡುಕಿ ಹೋಗುವುದುಂಟು.

ಈ ಧಾರೆಯ ಸಂಶೋಧಕರಿಗೆ ಬರವಣಿಗೆಯ ಹಂತದಲ್ಲಿ ಎದುರಾಗುವ ತೊಡಕೊಂದು ಬೇರೆ ಜಿಲ್ಲೆಗಳವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಪಾಡ್ದನ, ಸಂಧಿ, ನುಡಿಕಟ್ಟುಗಳು ತುಳುವಿನಲ್ಲಿರುತ್ತವೆ. ಅವನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ತುಳುವಿನ ಕ್ರಿಯಾಪದಗಳಲ್ಲಿ 'ನಾನು' ಮತ್ತು 'ಅವನು' ಎಂಬ ಕರ್ತೃಭೇದವನ್ನು ಪದಾಂತ್ಯದ ಎರಡು ಬಗೆಯ ಎಕಾರಗಳು ತೋರಿಸುತ್ತವೆ. ಒಂದು ವಿವೃತ, ಇನ್ನೊಂದು ಸಂವೃತ. ಕನ್ನಡ ಲಿಪಿಯಲ್ಲಿ ಇವೆರಡಕ್ಕೂ ಇರುವುದು ಒಂದೇ ಅಕ್ಷರ. ಅರ್ಧ ಉಚ್ಚಾರದ ಉಕಾರಕ್ಕೂ ಪ್ರತ್ಯೇಕ ಚಿಹ್ನೆ ಬೇಕಾಗುತ್ತದೆ. ಯಾವ ಚಿಹ್ನೆ ಎಂಬುದನ್ನು ಮೊದಲ ಅಧ್ಯಾಯಕ್ಕೂ ಮುನ್ನ ನಿರ್ಧರಿಸಿ, ಲಿಪ್ಯಂತರದ ಸೂಚನೆಯಾಗಿ ಆರಂಭದಲ್ಲಿಯೇ ಕೊಡುವುದು ರೂಢಿ. ಮಧ್ಯದಲ್ಲಿ ಬದಲಾಯಿಸಿದರೆ ಅನುಬಂಧದ ನೂರಾರು ಪುಟಗಳನ್ನು ಮತ್ತೆ ಕೈಯಿಂದ ತಿದ್ದಬೇಕಾದೀತು. ಕೊಂಕಣಿ, ಬ್ಯಾರಿ, ಅರೆಭಾಷೆಗಳ ಸಾಮಗ್ರಿಗೂ ಇಂಥದೇ ಎಚ್ಚರ ಬೇಕು.

ಪೂರ್ಣಗೊಳಿಸುವ ಅವಧಿ

ಭಾರತದಲ್ಲಿ ಪಿಎಚ್.ಡಿ. ಪದವಿಯನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮಾವಳಿ ನಿರ್ದೇಶಿಸುತ್ತದೆ. 2022ರ ನವೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯಂತೆ ಕೋರ್ಸ್ ವರ್ಕ್ ಸೇರಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ದೊರೆಯಬಹುದು; ಒಟ್ಟು 8 ವರ್ಷ ಮೀರುವಂತಿಲ್ಲ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮತ್ತೆ 2 ವರ್ಷಗಳ ಸಡಿಲಿಕೆ ಇದ್ದು, ಒಟ್ಟು 10 ವರ್ಷಗಳ ಮಿತಿ ಇದೆ. ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ದೊರೆಯುತ್ತದೆ.

ಮಾರ್ಗದರ್ಶಕರ ನಿವೃತ್ತಿಯ ದಿನಾಂಕವನ್ನು ನೋಂದಣಿಯ ಸಮಯದಲ್ಲಿಯೇ ವಿಚಾರಿಸಿಕೊಳ್ಳುವುದು ಲೇಸು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಈಗಾಗಲೇ ತೆಗೆದುಕೊಂಡವರಿಗೆ ನಿವೃತ್ತಿಯ ನಂತರ 70 ವರ್ಷ ತುಂಬುವವರೆಗೆ ಸಹ ಮಾರ್ಗದರ್ಶಕರಾಗಿ ಮುಂದುವರಿಯಬಹುದು.

ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ, ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ನಡೆಸುವವರ ಕೆಲಸ ಹೆಚ್ಚಾಗಿ ನಿಂತುಹೋಗುವುದು ಸಾಮಗ್ರಿಯ ಕೊರತೆಯಿಂದಲ್ಲ, ಸಾಮಗ್ರಿ ಹೆಚ್ಚಾಗಿ. ಇನ್ನೊಂದು ಕ್ಷೇತ್ರಕಾರ್ಯ, ಇನ್ನೊಬ್ಬ ವಕ್ತೃ ಎಂದು ಸಂಗ್ರಹ ಬೆಳೆಯುತ್ತ ಹೋಗಿ ಕರಡು ಹಿಂದೆ ಬೀಳುತ್ತದೆ. ಸೃಜನಶೀಲ ಲೇಖಕರಿಗೆ ತೊಂದರೆ ಬೇರೆ ರೀತಿಯದು. ಪೀಠಿಕೆಯನ್ನು ಮೊದಲು ಬರೆಯಲು ಕುಳಿತು, ಅದರ ಮೊದಲ ವಾಕ್ಯವನ್ನೇ ತಿಂಗಳುಗಟ್ಟಲೆ ತಿದ್ದುವವರಿದ್ದಾರೆ. ವಿಶ್ಲೇಷಣೆಯ ಅಧ್ಯಾಯಗಳನ್ನು ಮೊದಲು ಮುಗಿಸಿ, ಪೀಠಿಕೆ ಮತ್ತು ಸಮಾರೋಪವನ್ನು ಕೊನೆಯಲ್ಲಿ ಬರೆಯಬೇಕೆಂದು ಅನುಭವಿ ಮಾರ್ಗದರ್ಶಕರು ಹೇಳುವುದು ಈ ಕಾರಣಕ್ಕೆ.

ಸಲ್ಲಿಕೆ

ಕರಡು ಸಿದ್ಧವಾದ ಮೇಲೆ ಅಭ್ಯರ್ಥಿಯು ಸಂಶೋಧನಾ ಸಲಹಾ ಸಮಿತಿಯ ಮುಂದೆ ಪೂರ್ವಸಲ್ಲಿಕೆ ಮಂಡನೆ ಮಾಡಬೇಕು. ವಿಭಾಗದ ಅಧ್ಯಾಪಕರು ಮತ್ತು ಇತರ ಸಂಶೋಧಕರೂ ಅದರಲ್ಲಿ ಭಾಗವಹಿಸಬಹುದು. ಅಲ್ಲಿ ಬಂದ ಸಲಹೆಗಳನ್ನು ಅಳವಡಿಸಿಕೊಂಡ ಅನಂತರವೇ ಮಹಾಪ್ರಬಂಧ ಸಲ್ಲಿಕೆಯಾಗುತ್ತದೆ. ಪ್ರತಿಗಳ ಸಂಖ್ಯೆ, ರಟ್ಟಿನ ಬಣ್ಣ, ಶುಲ್ಕ, ಪುಟವಿನ್ಯಾಸಗಳು ಆಯಾ ವಿಶ್ವವಿದ್ಯಾನಿಲಯದ ಸುತ್ತೋಲೆಯಂತೆ ಇರುತ್ತವೆ. ಮಹಾಪ್ರಬಂಧದೊಂದಿಗೆ ಎರಡು ಹೇಳಿಕೆಗಳು ಬೇಕು: ಇದು ಸ್ವಂತ ಕೃತಿ, ಬೇರೆ ಪದವಿಗೆ ಸಲ್ಲಿಸಿದ್ದಲ್ಲ ಎಂಬ ಅಭ್ಯರ್ಥಿಯ ಘೋಷಣೆ ಮತ್ತು ಮಾರ್ಗದರ್ಶಕರ ದೃಢೀಕರಣ ಪತ್ರ.

2016ರ ನಿಯಮಾವಳಿಯಲ್ಲಿ ಸಲ್ಲಿಕೆಗೆ ಮುನ್ನ ಒಂದು ಸಂಶೋಧನಾ ಲೇಖನದ ಪ್ರಕಟಣೆ ಮತ್ತು ವಿಚಾರಸಂಕಿರಣಗಳಲ್ಲಿ ಎರಡು ಮಂಡನೆಗಳು ಕಡ್ಡಾಯವಾಗಿದ್ದವು. 2022ರ ನಿಯಮಾವಳಿ ಈ ಕಡ್ಡಾಯವನ್ನು ಕೈಬಿಟ್ಟಿದೆ. ಹಳೆಯ ನಿಯಮದಡಿ ನೋಂದಾಯಿಸಿಕೊಂಡವರು ತಮಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ನೋಂದಣಿ ಪತ್ರದಿಂದ ಖಚಿತಪಡಿಸಿಕೊಳ್ಳಬೇಕು.

ಕೃತಿಚೌರ್ಯ ಪರಿಶೀಲನೆ ಮತ್ತು ಕನ್ನಡ ಅಕ್ಷರಗಳು

2018ರ ಕೃತಿಚೌರ್ಯ ತಡೆ ನಿಯಮಾವಳಿಯಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿದ ಪ್ರತಿ ಕೊಡಬೇಕು, ಶೇ. 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರವನ್ನು ಸೂಚಿಸಿ ಉದ್ಧರಿಸಿದ ಭಾಗ, ಪರಾಮರ್ಶನ ಪಟ್ಟಿ, ವಿಷಯಸೂಚಿ, ಮುನ್ನುಡಿ, ಕೃತಜ್ಞತೆಗಳನ್ನು ಈ ಲೆಕ್ಕದಿಂದ ಹೊರಗಿಡಲಾಗುತ್ತದೆ. ಕಾವ್ಯವನ್ನು ಕುರಿತು ಬರೆಯುವವರು ಪದ್ಯಗಳನ್ನು ಉದ್ಧರಿಸಲು ಅಂಜಬೇಕಾಗಿಲ್ಲ. ಆದರೆ ತಾವೇ ಹಿಂದೆ ಪ್ರಕಟಿಸಿದ ಲೇಖನವನ್ನು ಸೂಚನೆಯಿಲ್ಲದೆ ಮರಳಿ ಸೇರಿಸಿದರೆ ಅದು ಸ್ವಕೃತಿಚೌರ್ಯವೆನಿಸಬಹುದು.

ಕನ್ನಡದ ಮಹಾಪ್ರಬಂಧಗಳಿಗೆ ಇಲ್ಲಿ ವಿಶಿಷ್ಟವಾದ ತಾಂತ್ರಿಕ ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚಾದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕದ ಪಾಲಿಗೆ ಅದು ರೋಮನ್ ಅಕ್ಷರಗಳ ಅರ್ಥಹೀನ ಸಾಲು. ಹೋಲಿಕೆ ಹುಡುಕುವ ತಂತ್ರಾಂಶ ಅಂಥ ಕಡತದಲ್ಲಿ ಕನ್ನಡವನ್ನು ಓದಲಾರದು. ಬರುವ ವರದಿಯೂ ನಂಬತಕ್ಕದ್ದಲ್ಲ. ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವೊತ್ತು, ಒತ್ತಕ್ಷರ, ದೀರ್ಘಗಳು ಸ್ಥಾನಪಲ್ಲಟಗೊಳ್ಳುವುದೂ ಇದೆ. ಪೂರ್ತಿ ಮಹಾಪ್ರಬಂಧವನ್ನು ಸಲ್ಲಿಕೆಯ ವಾರದಲ್ಲಿ ಪರಿವರ್ತಿಸಲು ಹೊರಟವರು ಪ್ರತಿ ಪುಟವನ್ನೂ ಮತ್ತೊಮ್ಮೆ ಕರಡು ತಿದ್ದಬೇಕಾಗುತ್ತದೆ. ಆರಂಭದಿಂದಲೇ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡುವುದೇ ಇದಕ್ಕೆ ಪರಿಹಾರ.

ಮೌಲ್ಯಮಾಪನ

ಮಹಾಪ್ರಬಂಧವನ್ನು ಮಾರ್ಗದರ್ಶಕರು ಮತ್ತು ವಿಶ್ವವಿದ್ಯಾನಿಲಯದ ಸೇವೆಯಲ್ಲಿಲ್ಲದ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಓದುತ್ತಾರೆ. ಒಬ್ಬ ಬಾಹ್ಯ ಪರೀಕ್ಷಕರು ತಿರಸ್ಕರಿಸಿದರೆ ಅದು ಬದಲಿ ಪರೀಕ್ಷಕರಿಗೆ ಹೋಗುತ್ತದೆ. ಅವರೂ ಒಪ್ಪದಿದ್ದರೆ ಪದವಿ ಇಲ್ಲ. ವರದಿಗಳು ಅನುಕೂಲವಾಗಿದ್ದರೆ ಮೌಖಿಕ ಪರೀಕ್ಷೆ ನಡೆಯುತ್ತದೆ. ಸಲ್ಲಿಕೆಯಿಂದ ಆರು ತಿಂಗಳೊಳಗೆ ಎಲ್ಲವೂ ಮುಗಿಯಬೇಕೆಂದು ನಿಯಮ ಹೇಳುತ್ತದೆ.

ಶೋಧಗಂಗಾ ಮತ್ತು ಪ್ರಕಟಣೆ

ಅಂಗೀಕೃತವಾದ ಮಹಾಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಸಲ್ಲಿಸಬೇಕು. ಕೇಂದ್ರವು ಅದನ್ನು ಶೋಧಗಂಗಾ ಭಂಡಾರದಲ್ಲಿ ಎಲ್ಲರಿಗೂ ತೆರೆದಿಡುತ್ತದೆ. ನಡೆಯುತ್ತಿರುವ ಸಂಶೋಧನೆಗಳ ಸಾರಲೇಖಗಳಿಗೆ ಶೋಧಗಂಗೋತ್ರಿ ಎಂಬ ಪ್ರತ್ಯೇಕ ಭಂಡಾರವಿದೆ. ಗ್ರಂಥಾಲಯದ ಕಪಾಟಿನಲ್ಲಿ ಉಳಿದುಬಿಡುತ್ತಿದ್ದ ಕನ್ನಡದ ಸಂಶೋಧನೆ ಇದರಿಂದ ಊರ ಹೊರಗಿನ ಓದುಗರಿಗೂ ದೊರೆಯುವಂತಾಗಿದೆ.

ಸಂಶೋಧನಾ ಪ್ರಬಂಧಕ್ಕೆ ಇದು ಲಾಭ, ಕಾದಂಬರಿಗೆ ಹಾಗಲ್ಲ. ಉಚಿತವಾಗಿ ದೊರೆಯುವ ಕಾದಂಬರಿಯನ್ನು ಪ್ರಕಾಶಕರು ಕೊಳ್ಳಲು ಹಿಂಜರಿಯುತ್ತಾರೆ. 2008ರಲ್ಲಿ ಅಯೋವಾ ವಿಶ್ವವಿದ್ಯಾನಿಲಯವು ಪ್ರಬಂಧಗಳನ್ನು ಅಂತರಜಾಲದಲ್ಲಿ ಮುಕ್ತವಾಗಿಡಲು ಮುಂದಾದಾಗ ಸೃಜನಶೀಲ ಬರವಣಿಗೆಯ ವಿದ್ಯಾರ್ಥಿಗಳು ತೀವ್ರವಾಗಿ ಪ್ರತಿಭಟಿಸಿದರು, ವಿಶ್ವವಿದ್ಯಾನಿಲಯ ಹಿಂದೆ ಸರಿಯಿತು. ಭಾರತದಲ್ಲಿ ಕಾದಂಬರಿಯನ್ನು ಪಿಎಚ್.ಡಿ.ಗೆ ಸ್ವೀಕರಿಸುವ ಪದ್ಧತಿ ವ್ಯಾಪಕವಾದರೆ ಇದೇ ಪ್ರಶ್ನೆ ಇಲ್ಲಿಯೂ ಎದುರಾಗುವುದು ಖಂಡಿತ. ಆಗ ಕೆಲವು ವರ್ಷಗಳ ಪ್ರಕಟಣಾ ತಡೆ ಕೋರುವ ಅವಕಾಶ ಬೇಕಾಗುತ್ತದೆ.

1957ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯಕೃತಿಯ ಮೊದಲ ಹಕ್ಕುದಾರ ಸಾಮಾನ್ಯವಾಗಿ ಅದರ ಕರ್ತೃವೇ; ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಇರುತ್ತದೆ. ಸಂಶೋಧನೆ, ವಿಮರ್ಶೆಗಳಿಗಾಗಿ ಇತರರ ಕೃತಿಯಿಂದ ನ್ಯಾಯೋಚಿತ ಪ್ರಮಾಣದಲ್ಲಿ ಉದ್ಧರಿಸಲು ಕಾಯಿದೆ ಅವಕಾಶ ನೀಡಿದೆ. ಅದೇ ಮಹಾಪ್ರಬಂಧ ಪುಸ್ತಕವಾಗಿ ಮಾರಾಟಕ್ಕೆ ಬರುವಾಗ ದೀರ್ಘ ಉದ್ಧರಣೆಗಳಿಗೆ ಹಕ್ಕುದಾರರ ಅನುಮತಿ ಪಡೆಯುವುದು ಕ್ಷೇಮ. ಪಾಡ್ದನದಂಥ ಮೌಖಿಕ ಪಠ್ಯಗಳಲ್ಲಿ ಹಾಡಿದವರ ಹೆಸರು, ಊರುಗಳನ್ನು ಅವರ ಒಪ್ಪಿಗೆಯಿಂದ ದಾಖಲಿಸುವುದು ಜಾನಪದ ಸಂಶೋಧನೆಯ ಕ್ರಮ.

ಪುಸ್ತಕ ಮಾಡುವಾಗ ಮಹಾಪ್ರಬಂಧವನ್ನು ಹಾಗೆಯೇ ಅಚ್ಚಿಗೆ ಕೊಡುವವರು ಕಡಿಮೆ. ಪರೀಕ್ಷಕರಿಗಾಗಿ ಬರೆದ ಸಂಶೋಧನಾ ವಿಧಾನದ ಅಧ್ಯಾಯ, ಪೂರ್ವ ಅಧ್ಯಯನಗಳ ಸಮೀಕ್ಷೆ, ಅಧ್ಯಾಯಗಳ ಕೊನೆಯ ಪುನರುಕ್ತಿಗಳು ಮೊದಲು ಹೋಗುತ್ತವೆ. ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳೂ ಖಾಸಗಿ ಪ್ರಕಾಶಕರೂ ಇಂಥ ಪುಸ್ತಕಗಳನ್ನು ತರುತ್ತಾರೆ. ಕಥೆ, ಕಾದಂಬರಿ ಬರೆಯುವ ಸಂಶೋಧಕರ ಕೈಗೆ ಈ ಹಂತದಲ್ಲಿ ಸ್ವಾತಂತ್ರ್ಯ ಮರಳಿ ಬರುತ್ತದೆ: ಅಡಿಟಿಪ್ಪಣಿಯಲ್ಲಿ ಉಳಿದಿದ್ದ ವ್ಯಕ್ತಿ ಪಠ್ಯದೊಳಗೆ ಬರಬಹುದು, ಕ್ಷೇತ್ರಕಾರ್ಯದ ದಿನಚರಿ ಪೀಠಿಕೆಯಾಗಬಹುದು, ಪ್ರಬಂಧದಿಂದ ಬಿಟ್ಟುಹೋದದ್ದು ಬೇರೊಂದು ಕಥೆಯಾಗಬಹುದು.